ಆಸ್ಪತ್ರೆ ಖರ್ಚಿನ ಸಮೀಕ್ಷೆ: ವ್ಯತ್ಯಾಸ ನಿಜವೋ, ಸ್ಯಾಂಪಲ್‌ನ ಏರುಪೇರೋ? ಹೀಗೆ ಪರೀಕ್ಷಿಸಿ

"ಯೋಜನೆ ಜಾರಿಯಾದ ಹಳ್ಳಿಗಳಲ್ಲಿ ಜನ ಸ್ವಂತ ಜೇಬಿನಿಂದ ಕಟ್ಟುವ ಆಸ್ಪತ್ರೆ ಖರ್ಚು ಶೇ. 64ರಷ್ಟು ಕಡಿಮೆ." ಇಂಥ ಸಾಲು ಕಣ್ಣಿಗೆ ಬಿದ್ದರೆ ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? ಯೋಜನೆ ತಂದ ಪಕ್ಷ ಹಿಡಿಸಿದರೆ ಫಾರ್ವರ್ಡ್ ಮಾಡುತ್ತೇವೆ. ಹಿಡಿಸದಿದ್ದರೆ "ಎಲ್ಲ ಅಂಕಿ ಆಟ" ಎಂದು ಪಕ್ಕಕ್ಕೆ ತಳ್ಳುತ್ತೇವೆ. ಆ 64 ಎಲ್ಲಿಂದ ಬಂತು, ಬೇರೆ ಮನೆಗಳನ್ನು ಕೇಳಿದ್ದರೆ ಅದು 40 ಆಗಬಹುದಿತ್ತೇ, 90 ಆಗಬಹುದಿತ್ತೇ ಎಂದು ಕೇಳುವವರು ಕಡಿಮೆ.

ಈ 64 ನಮ್ಮ ರಾಜ್ಯದ್ದೇ ಅಂಕಿ. ಬಡ ಕುಟುಂಬಗಳಿಗೆ ದೊಡ್ಡ ಕಾಯಿಲೆಗಳ ಚಿಕಿತ್ಸೆ ಉಚಿತವಾಗಿ ಕೊಡುತ್ತಿದ್ದ ವಾಜಪೇಯಿ ಆರೋಗ್ಯಶ್ರೀ ಯೋಜನೆ ಬಗ್ಗೆ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನದಿಂದ ತೆಗೆದದ್ದು. ಅದನ್ನು ಮುಂದೆ ಸಾಲು ಸಾಲಾಗಿ ಓದೋಣ. ಅದಕ್ಕೂ ಮೊದಲು ಕೆಲವು ಹೆಜ್ಜೆಗಳಿವೆ. ಸಮೀಕ್ಷಾ ವರದಿ ಓದಿ ಸುದ್ದಿ ಬರೆಯುವವರಿಗೆ, ಎಂಎ ಅಥವಾ ಎಂಎಸ್‌ಡಬ್ಲ್ಯೂ ಪ್ರಾಜೆಕ್ಟ್ ಮಾಡುವವರಿಗೆ, ಸ್ವಯಂಸೇವಾ ಸಂಸ್ಥೆಯಲ್ಲಿ ಕೂತು ತಾವೇ ಸಮೀಕ್ಷೆ ನಡೆಸುವವರಿಗೆ ಇದನ್ನು ಬರೆದಿದ್ದೇನೆ. ಸರಾಸರಿ ಮತ್ತು ಶೇಕಡಾವಾರು ಗೊತ್ತಿದ್ದರೆ ಸಾಕು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಆಸ್ಪತ್ರೆ ಖರ್ಚಿನ ವಿಷಯದಲ್ಲಿ ಪಿ-ವ್ಯಾಲ್ಯೂ (ಕಂಡ ವ್ಯತ್ಯಾಸ ಬರೀ ಸ್ಯಾಂಪಲ್‌ನ ಏರುಪೇರಿಗೆ ಎಷ್ಟು ಹೊಂದುತ್ತದೆ ಎಂದು ಅಳೆಯುವ ಅಂಕಿ, ವಿವರ 4ನೇ ಹೆಜ್ಜೆಯಲ್ಲಿ) ಪಕ್ಕದ ನಕ್ಷತ್ರ ಚಿಹ್ನೆಗಿಂತ, ರೂಪಾಯಿಯಲ್ಲಿ ಬರೆದ "ಇಷ್ಟರಿಂದ ಇಷ್ಟರವರೆಗೆ" ಎಂಬ ವ್ಯಾಪ್ತಿ ಎಷ್ಟೋ ಜಾಸ್ತಿ ಹೇಳುತ್ತದೆ.

1. ಯಾವ ಖರ್ಚು, ಯಾರ ಖರ್ಚು? ಒಂದು ಸಾಲಿನಲ್ಲಿ ಬರೆಯಿರಿ

ಇದು ಲೆಕ್ಕದ ಹೆಜ್ಜೆಯಲ್ಲ. ಆದರೆ ಇಲ್ಲಿ ಎಡವಿದರೆ ಮುಂದಿನ ಲೆಕ್ಕವೆಲ್ಲ ದಂಡ.

ಒಂದು ನಿಜವಾದ ಬಲೆ ತೋರಿಸುತ್ತೇನೆ. ದೇಶದ ಆರೋಗ್ಯ ಖರ್ಚಿನ ಬಗ್ಗೆ ರಾಷ್ಟ್ರೀಯ ಸ್ಯಾಂಪಲ್ ಸಮೀಕ್ಷೆ, ಅಂದರೆ ಎನ್‌ಎಸ್‌ಎಸ್, ಆಗಾಗ ದೊಡ್ಡ ಸುತ್ತು ನಡೆಸುತ್ತದೆ. 71ನೇ ಸುತ್ತು 2014ರ ಜನವರಿಯಿಂದ ಜೂನ್‌ವರೆಗೆ ನಡೆಯಿತು. 75ನೇ ಸುತ್ತು 2017ರ ಜುಲೈಯಿಂದ 2018ರ ಜೂನ್‌ವರೆಗೆ. 75ನೇ ಸುತ್ತಿನ ಪ್ರಕಾರ, ಹೆರಿಗೆ ಬಿಟ್ಟು, ಒಂದು ಸಲ ಆಸ್ಪತ್ರೆಗೆ ದಾಖಲಾದರೆ ಆಗುವ ಸರಾಸರಿ ವೈದ್ಯಕೀಯ ಖರ್ಚು ಹಳ್ಳಿಯಲ್ಲಿ 16,676 ರೂಪಾಯಿ, ಪಟ್ಟಣದಲ್ಲಿ 26,475 ರೂಪಾಯಿ.

71ನೇ ಸುತ್ತಿನ ವರದಿ ತೆರೆದರೆ ಹಳ್ಳಿಗೆ ಎರಡು ಅಂಕಿ ಸಿಗುತ್ತವೆ. ವೈದ್ಯಕೀಯ ಖರ್ಚು ಮಾತ್ರ ಲೆಕ್ಕ ಹಾಕಿದರೆ 14,935. ಬಸ್ ಚಾರ್ಜು, ಜೊತೆಗೆ ಬಂದವರ ಊಟ, ವಸತಿ ಎಲ್ಲ ಸೇರಿದರೆ 16,956. ಅವಸರದಲ್ಲಿ ಎರಡನೆಯದನ್ನು ಎತ್ತಿಕೊಂಡು ಹೋಲಿಸಿದರೆ "ಮೂರು ವರ್ಷದಲ್ಲಿ ಖರ್ಚು ಸ್ವಲ್ಪ ಇಳಿದಿದೆ" ಎಂಬ ಸುದ್ದಿ ಹುಟ್ಟುತ್ತದೆ. ಮೊದಲನೆಯದನ್ನು ಎತ್ತಿಕೊಂಡರೆ "ಸುಮಾರು ಶೇ. 12 ಏರಿದೆ" ಎಂಬ ಸುದ್ದಿ. ಎಷ್ಟೇ ಚೆನ್ನಾಗಿ ಪಿ-ವ್ಯಾಲ್ಯೂ ಲೆಕ್ಕ ಹಾಕಿದರೂ ಈ ತಪ್ಪು ಹೊರಗೆ ಬರುವುದಿಲ್ಲ.

ಹಾಗಾಗಿ ಪೆನ್ನು ಹಿಡಿದು ಇವಿಷ್ಟನ್ನು ಬರೆದುಕೊಳ್ಳಿ: ಖರ್ಚು ಯಾವುದಕ್ಕೆ (ಔಷಧ, ಡಾಕ್ಟರ್ ಫೀಸು ಮಾತ್ರವೋ, ಓಡಾಟವೂ ಸೇರಿಯೋ), ಯಾವ ಘಟಕಕ್ಕೆ (ಒಂದು ದಾಖಲಾತಿಗೆ, ಒಬ್ಬ ವ್ಯಕ್ತಿಗೆ, ಒಂದು ಮನೆಗೆ), ಯಾವ ಅವಧಿಗೆ, ಇನ್ಶೂರೆನ್ಸ್ ವಾಪಸ್ ಕೊಟ್ಟ ಹಣ ಕಳೆದ ಮೇಲೋ ಕಳೆಯುವ ಮೊದಲೋ. ಹೋಲಿಸುವ ಎರಡೂ ಕಡೆ ಉತ್ತರ ಒಂದೇ ಇರಬೇಕು.

2. ಸ್ಯಾಂಪಲ್ ಹೇಗೆ ತೆಗೆದರು ಎಂದು ಹುಡುಕಿ

ವರದಿಯ ಕೊನೆಯಲ್ಲಿ, ಯಾರೂ ಓದದ ಅನುಬಂಧದಲ್ಲಿ ಇದು ಇರುತ್ತದೆ. ಆದರೆ ನಿಮ್ಮ ಅರ್ಧ ಉತ್ತರ ಅಲ್ಲೇ ಇದೆ.

75ನೇ ಸುತ್ತಿನಲ್ಲಿ 1,13,823 ಮನೆಗಳಿದ್ದವು. ಕೇಳಿದರೆ ಭಾರಿ ಸಂಖ್ಯೆ. ಆದರೆ ಈ ಮನೆಗಳನ್ನು ದೇಶದ ತುಂಬ ಚೀಟಿ ಎತ್ತಿ ಆರಿಸಿದ್ದಲ್ಲ. ಮೊದಲು 8,077 ಹಳ್ಳಿ ಮತ್ತು 6,181 ನಗರ ಬ್ಲಾಕ್ ಆರಿಸಿದರು. ಆಮೇಲೆ ಪ್ರತಿಯೊಂದರಿಂದ ಸುಮಾರು 8 ಮನೆ. ಗುಣಿಸಿ ನೋಡಿ, ಹೆಚ್ಚುಕಡಿಮೆ ಲೆಕ್ಕ ಕೂಡುತ್ತದೆ.

ಇದರಿಂದ ಎರಡು ಪರಿಣಾಮ.

ಮೊದಲನೆಯದು ಗುಂಪಿನ ಪರಿಣಾಮ. ಒಂದೇ ಹಳ್ಳಿಯ ಜನ ಬಹುತೇಕ ಒಂದೇ ನರ್ಸಿಂಗ್ ಹೋಮ್‌ಗೆ ಹೋಗುತ್ತಾರೆ. ಅಲ್ಲಿನ ಫೀಸು ಎಲ್ಲರಿಗೂ ಒಂದೇ. ಆ ವರ್ಷ ಊರಲ್ಲಿ ಡೆಂಗಿ ಬಂದಿದ್ದರೆ ಹತ್ತು ಮನೆಗೂ ಬಂದಿರುತ್ತದೆ. ಅಂದಮೇಲೆ ಅದೇ ಊರಿನ ಎರಡನೇ ಮನೆ, ಮೂರನೇ ಮನೆ ಹೊಸದಾಗಿ ಹೇಳುವುದು ಕಡಿಮೆ. ಇದಕ್ಕೊಂದು ಸರಳ ಸೂತ್ರವಿದೆ. ಒಂದು ಊರಿನಲ್ಲಿ ಕೇಳಿದ ಪ್ರಕರಣಗಳ ಸಂಖ್ಯೆಯಲ್ಲಿ ಒಂದು ಕಳೆಯಿರಿ, ಊರಿನೊಳಗಿನ ಹೋಲಿಕೆಯ ಪ್ರಮಾಣದಿಂದ ಗುಣಿಸಿ, ಒಂದು ಕೂಡಿಸಿ. ಒಂದು ಊರಿಗೆ 20 ಪ್ರಕರಣ, ಹೋಲಿಕೆ 0.05 ಅಂದುಕೊಳ್ಳೋಣ. 19 ಗುಣಿಸು 0.05, ಕೂಡಿಸು 1: ಅಂದರೆ 1.95. ಇದನ್ನು ಡಿಸೈನ್ ಎಫೆಕ್ಟ್ ಅನ್ನುತ್ತಾರೆ. ನಿಮ್ಮ ಕೈಯಲ್ಲಿ 400 ಪ್ರಕರಣ ಇದ್ದರೂ ಅವು ಹೇಳುವುದು ಸುಮಾರು 205 ಬಿಡಿ ಪ್ರಕರಣಗಳಷ್ಟೇ. 0.05 ಅಂದರೆ ಏನು ಮಹಾ ಅನ್ನಿಸುತ್ತದೆ, ಅಲ್ವಾ? ಅಷ್ಟರಲ್ಲೇ ಅರ್ಧ ಸ್ಯಾಂಪಲ್ ಕರಗಿತು.

ಎರಡನೆಯದು ತೂಕ. ವರ್ಷಕ್ಕೆ ನೂರರಲ್ಲಿ ಸುಮಾರು 3 ಜನ ಮಾತ್ರ ಆಸ್ಪತ್ರೆಗೆ ದಾಖಲಾಗುತ್ತಾರೆ (75ನೇ ಸುತ್ತಿನಲ್ಲಿ ಹೆರಿಗೆ ಬಿಟ್ಟು ಶೇ. 2.9). ಸುಮ್ನೆ ಮನೆ ಆರಿಸಿದರೆ ರೋಗಿಗಳೇ ಸಿಗುವುದಿಲ್ಲ. ಅದಕ್ಕೇ ಎನ್‌ಎಸ್‌ಎಸ್‌ನವರು ಮೊದಲು ಊರಿನ ಮನೆಗಳ ಪಟ್ಟಿ ಮಾಡಿ, ಆ ವರ್ಷ ಯಾರಾದರೂ ದಾಖಲಾಗಿದ್ದ ಮನೆಗಳನ್ನು ಬೇಕೆಂದೇ ಜಾಸ್ತಿ ಆರಿಸುತ್ತಾರೆ. ವರ್ಷ ತುಂಬದ ಮಗುವಿರುವ ಮನೆಗಳನ್ನೂ ಹಾಗೆಯೇ. ಒಳ್ಳೆಯ ಉಪಾಯ. ಆದರೆ ಡೇಟಾ ಇಳಿಸಿಕೊಂಡು ನೇರವಾಗಿ ಎಕ್ಸೆಲ್‌ನಲ್ಲಿ ಸರಾಸರಿ ಹಾಕಿದರೆ ದೇಶದಲ್ಲಿ ಮನೆಗೊಬ್ಬ ರೋಗಿ ಇದ್ದ ಹಾಗೆ ಕಾಣುತ್ತದೆ. ಪ್ರತಿ ಮನೆಗೆ ಕೊಟ್ಟಿರುವ ತೂಕ, ಅಂದರೆ ಆ ಮನೆ ಎಷ್ಟು ಮನೆಗಳ ಪರವಾಗಿ ನಿಂತಿದೆ ಎಂಬ ಅಂಕಿ, ಸೇರಿಸಿಯೇ ಲೆಕ್ಕ ಮಾಡಬೇಕು. 71 ಮತ್ತು 75ನೇ ಸುತ್ತಿನ ಕಡತಗಳಲ್ಲಿ ತೂಕದ ಅಂಕಣವನ್ನು ಹಾಗೇ ಬಳಸುವಂತಿಲ್ಲ. ಜೊತೆಗಿರುವ ಎನ್‌ಎಸ್‌ಎಸ್, ಎನ್‌ಎಸ್‌ಸಿ ಎಂಬ ಎರಡು ಅಂಕಣ ಸಮ ಇದ್ದರೆ 100ರಿಂದ, ಇಲ್ಲದಿದ್ದರೆ 200ರಿಂದ ಭಾಗಿಸಬೇಕು. ಜೊತೆಗೆ ಕೊಡುವ ರೀಡ್‌ಮಿ ಕಡತದಲ್ಲಿ ಇದು ಬರೆದಿರುತ್ತದೆ. ಹೊಸಬರು ಮುಗ್ಗರಿಸುವುದು ಬಹಳ ಸಲ ಇಲ್ಲೇ.

ಸಾಫ್ಟ್‌ವೇರ್ ವಿಷಯ ಒಂದೇ ಮಾತಿನಲ್ಲಿ: ಆರ್‌ನಲ್ಲಿ "ಸರ್ವೇ" ಪ್ಯಾಕೇಜ್, ಸ್ಟೇಟಾದಲ್ಲಿ "ಎಸ್‌ವಿವೈ" ಆದೇಶಗಳು. ಆರ್ ಪುಕ್ಕಟೆ. ತೂಕ, ಊರು, ಸ್ತರ (ಸ್ಯಾಂಪಲ್ ತೆಗೆಯುವ ಮೊದಲು ಮಾಡಿಕೊಂಡ ವಿಂಗಡಣೆ) ಈ ಮೂರನ್ನೂ ಒಮ್ಮೆ ಹೇಳಿಕೊಟ್ಟರೆ ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ.

ಸಾಫ್ಟ್‌ವೇರ್ ಇಲ್ಲದವರಿಗೂ ಒಂದು ದಾರಿ ಇದೆ. ಅದು ಸಂಖ್ಯಾಶಾಸ್ತ್ರಜ್ಞ ಪ್ರಶಾಂತ ಚಂದ್ರ ಮಹಾಲನೋಬಿಸ್ ಅವರು ಬಂಗಾಳದ ಸೆಣಬು ಬೆಳೆ ಸಮೀಕ್ಷೆಗಳ ಕಾಲದಲ್ಲೇ ಬಳಸಿದ ಉಪಾಯ. ಒಂದೇ ಸ್ಯಾಂಪಲ್ ತೆಗೆಯುವ ಬದಲು ಎರಡು ಸ್ವತಂತ್ರ ಉಪ-ಸ್ಯಾಂಪಲ್ ತೆಗೆಯಿರಿ. ಎರಡರಲ್ಲೂ ಬೇರೆ ಬೇರೆಯಾಗಿ ಸರಾಸರಿ ಕಂಡುಹಿಡಿಯಿರಿ. ಒಂದರಲ್ಲಿ 18,200, ಇನ್ನೊಂದರಲ್ಲಿ 22,600 ಬಂತು ಅನ್ನಿ. ಒಟ್ಟು ಸರಾಸರಿ 20,400. ಎರಡರ ಅಂತರದ ಅರ್ಧ, ಅಂದರೆ 2,200, ಸ್ಟ್ಯಾಂಡರ್ಡ್ ಎರರ್‌ನ, ಅಂದರೆ ಸ್ಯಾಂಪಲ್ ಬದಲಾದರೆ ಸರಾಸರಿ ಸಾಮಾನ್ಯವಾಗಿ ಎಷ್ಟು ಅಲುಗಾಡುತ್ತದೆ ಎಂಬುದರ, ಒರಟು ಅಂದಾಜು. ಒಂದೇ ಜೋಡಿಯಾದರೆ ಇದು ತೀರಾ ಒರಟು. ಹಲವು ಸ್ತರಗಳಲ್ಲಿ ಮಾಡಿ ಕೂಡಿಸಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಇಷ್ಟು ಸರಳವಾದದ್ದನ್ನು ನಮ್ಮ ಕಾಲೇಜುಗಳಲ್ಲಿ ಯಾಕೆ ಮೊದಲ ವಾರವೇ ಹೇಳಿಕೊಡುವುದಿಲ್ಲವೋ!

3. ಸರಾಸರಿ ನಂಬುವ ಮೊದಲು ಬಿಲ್‌ಗಳನ್ನು ಸಾಲಾಗಿ ಜೋಡಿಸಿ

ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಹಿಚುಕಿದರೆ ಸಾಕು. ಪಾತ್ರೆಯೊಳಗೆಲ್ಲ ಒಂದೇ ಹದ ಇರುತ್ತದೆ. ಆಸ್ಪತ್ರೆ ಬಿಲ್‌ಗಳಿಗೆ ಈ ಮಾತು ನಡೆಯುವುದಿಲ್ಲ.

ನೂರು ದಾಖಲಾತಿ ತೆಗೆದುಕೊಂಡರೆ ಬಹಳಷ್ಟು ಕೆಲವೇ ಸಾವಿರದಲ್ಲಿ ಮುಗಿಯುತ್ತವೆ. ಜ್ವರ, ಭೇದಿ, ಸಣ್ಣ ಪೆಟ್ಟು. ಕೆಲವು ಲಕ್ಷ ದಾಟುತ್ತವೆ. ಹೃದಯ, ಕ್ಯಾನ್ಸರ್, ಐಸಿಯು. ಒಟ್ಟು ಹಣದ ದೊಡ್ಡ ಪಾಲು ಈ ಕೆಲವರದ್ದೇ. 400 ಪ್ರಕರಣಗಳ ನಿಮ್ಮ ಸ್ಯಾಂಪಲ್‌ನಲ್ಲಿ 12 ಲಕ್ಷದ ಒಂದು ಬಿಲ್ ಸೇರಿಕೊಂಡರೆ, ಆ ಒಂದೇ ಬಿಲ್ ಸರಾಸರಿಗೆ 3,000 ರೂಪಾಯಿ ಸೇರಿಸುತ್ತದೆ. ಆ ಮನೆಯವರು ಸಮೀಕ್ಷೆಯ ದಿನ ಮದುವೆಗೆ ಹೋಗಿದ್ದರೆ ನಿಮ್ಮ ಜಿಲ್ಲೆಯ ಸರಾಸರಿ 3,000 ಕಡಿಮೆ ಇರುತ್ತಿತ್ತು. ಎರಡು ಜಿಲ್ಲೆಗಳ ನಡುವೆ 4,000 ರೂಪಾಯಿ ವ್ಯತ್ಯಾಸ ಕಂಡಿತು ಎಂದು ತಲೆಬರಹ ಬರೆಯುವ ಮೊದಲು ಇದನ್ನು ನೆನಪಿಡಿ.

ಏನು ಮಾಡಬೇಕು? ಮೊದಲು ದೊಡ್ಡದರಿಂದ ಚಿಕ್ಕದಕ್ಕೆ ಬಿಲ್‌ಗಳನ್ನು ಜೋಡಿಸಿ. ಮೇಲಿನ ಹತ್ತನ್ನು ಕಣ್ಣಾರೆ ನೋಡಿ. ಒಂದು ಸೊನ್ನೆ ಜಾಸ್ತಿ ಬಿದ್ದಿದೆಯೇ? 15,000 ಬರೆಯುವ ಕಡೆ 1,50,000 ಆಗಿದೆಯೇ? ಆಮೇಲೆ ಮೀಡಿಯನ್, ಅಂದರೆ ಸಾಲಿನ ನಟ್ಟನಡುವಿನ ಬಿಲ್, ಎಷ್ಟೆಂದು ಬರೆದುಕೊಳ್ಳಿ. ಸರಾಸರಿ 20,000 ಇದ್ದು ನಡುವಿನದು 8,000 ಇದ್ದರೆ ಗಾಬರಿ ಬೇಡ. ಈ ವಿಷಯದಲ್ಲಿ ಅದು ಸಹಜ.

ಎರಡರಲ್ಲಿ ಯಾವುದನ್ನು ಬಳಸಬೇಕು ಎಂಬುದು ನಿಮ್ಮ ಪ್ರಶ್ನೆಯ ಮೇಲೆ ನಿಂತಿದೆ. ಯೋಜನೆಗೆ ಬಜೆಟ್ ಎಷ್ಟು ಬೇಕು ಎಂದು ಕೇಳುವವರಿಗೆ ಸರಾಸರಿಯೇ ಬೇಕು, ಯಾಕೆಂದರೆ 12 ಲಕ್ಷದ ಬಿಲ್‌ಗೂ ದುಡ್ಡು ಹೊಂದಿಸಬೇಕು. ಸಾಮಾನ್ಯ ಕುಟುಂಬಕ್ಕೆ ಎಷ್ಟು ಹೊರೆ ಎಂದು ಕೇಳಿದರೆ ಮೀಡಿಯನ್ ವಾಸಿ. ಲಾಗ್ (ದೊಡ್ಡ ಅಂಕಿಗಳನ್ನು ಕುಗ್ಗಿಸುವ ಲಾಗರಿದಮ್) ತೆಗೆದು ಲೆಕ್ಕ ಮಾಡುವ ಅಭ್ಯಾಸ ಅರ್ಥಶಾಸ್ತ್ರದವರಲ್ಲಿ ಇದೆ. ಅದು ದೊಡ್ಡ ಬಿಲ್‌ಗಳ ಸದ್ದು ಅಡಗಿಸುತ್ತದೆ, ನಿಜ. ಆದರೆ ಲಾಗ್‌ನಲ್ಲಿ ಕಂಡ ವ್ಯತ್ಯಾಸವನ್ನು ಹಾಗೇ ರೂಪಾಯಿಗೆ ತಿರುಗಿಸಿದರೆ ಸರಾಸರಿಯ ಉತ್ತರ ಸಿಗುವುದಿಲ್ಲ.

ಹೊರರೋಗಿಗಳ ಖರ್ಚಿನಲ್ಲಿ ಇನ್ನೊಂದು ತೊಡಕು: ಸೊನ್ನೆಗಳು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಮಾತ್ರೆ ಪಡೆದು ಬಂದವರ ಖರ್ಚು ಸೊನ್ನೆಯೇ ಇರಬಹುದು. ಇಂಥ ಕಡೆ ಪ್ರಶ್ನೆಯನ್ನು ಎರಡಾಗಿ ಒಡೆಯಿರಿ. ಒಂದು, ಏನಾದರೂ ಖರ್ಚಾಯಿತೇ? ಎರಡು, ಆದವರಿಗೆ ಎಷ್ಟು? ಯೋಜನೆಯೊಂದು ಮೊದಲನೆಯದನ್ನು ಬದಲಿಸಿ ಎರಡನೆಯದನ್ನು ಮುಟ್ಟದೇ ಇರಬಹುದು.

ಸರಾಸರಿಯ ಒಳಗೆ ಇನ್ನೊಂದು ಗುಟ್ಟಿದೆ. 75ನೇ ಸುತ್ತಿನಲ್ಲಿ ಸರ್ಕಾರಿ ಆಸ್ಪತ್ರೆಯ ಸರಾಸರಿ 4,452 ರೂಪಾಯಿ, ಖಾಸಗಿಯದ್ದು 31,845. ಏಳು ಪಟ್ಟು. ಈಗ ಯಾರ ಬಿಲ್ಲೂ ಒಂದು ರೂಪಾಯಿ ಬದಲಾಗಲಿಲ್ಲ, ಆದರೆ ನೂರರಲ್ಲಿ 5 ಜನ ಸರ್ಕಾರಿ ಬಿಟ್ಟು ಖಾಸಗಿಗೆ ಹೋದರು ಅಂದುಕೊಳ್ಳಿ. ಒಟ್ಟು ಸರಾಸರಿ ಸುಮಾರು 1,370 ರೂಪಾಯಿ ಏರುತ್ತದೆ. "ಚಿಕಿತ್ಸೆ ದುಬಾರಿಯಾಯಿತು" ಎಂದು ಬರೆದರೆ ತಪ್ಪು. ಜನ ಹೋಗುವ ಜಾಗ ಬದಲಾಯಿತು, ಅಷ್ಟೇ.

4. ಈಗ ಲೆಕ್ಕ

ಎರಡು ಜಿಲ್ಲೆ ಇವೆ ಎಂದುಕೊಳ್ಳಿ. ಅಂಕಿಗಳು ನಾನು ಉದಾಹರಣೆಗೆ ಇಟ್ಟವು. ಪ್ರತಿಯೊಂದರಲ್ಲೂ 400 ದಾಖಲಾತಿ. ಒಂದರ ಸರಾಸರಿ 24,000, ಇನ್ನೊಂದರದ್ದು 20,000. ಎರಡರಲ್ಲೂ ಸ್ಟ್ಯಾಂಡರ್ಡ್ ಡೀವಿಯೇಶನ್, ಅಂದರೆ ಬಿಲ್‌ಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ, 40,000. ಸರಾಸರಿಗಿಂತ ಅದು ದೊಡ್ಡದಿರುವುದು ಆಸ್ಪತ್ರೆ ಬಿಲ್‌ಗಳಲ್ಲಿ ಮಾಮೂಲು.

400ರ ವರ್ಗಮೂಲ 20. 40,000 ಭಾಗಿಸು 20 ಅಂದರೆ 2,000. ಇದು ಒಂದೊಂದು ಜಿಲ್ಲೆಯ ಸರಾಸರಿಯ ಸ್ಟ್ಯಾಂಡರ್ಡ್ ಎರರ್. ವ್ಯತ್ಯಾಸದ ಸ್ಟ್ಯಾಂಡರ್ಡ್ ಎರರ್ ಬೇಕಾದರೆ ಎರಡನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆಯಬೇಕು: ಸುಮಾರು 2,828. ಕಂಡ ವ್ಯತ್ಯಾಸ 4,000. ಅದರ ಎರಡೂ ಪಕ್ಕಕ್ಕೆ 1.96 ಗುಣಿಸು 2,828, ಅಂದರೆ ಸುಮಾರು 5,543 ಹಾಕಿ. ಶೇ. 95ರ ವ್ಯಾಪ್ತಿ (ಹೀಗೇ ನೂರು ಸಲ ಸ್ಯಾಂಪಲ್ ತೆಗೆದರೆ ಸುಮಾರು 95 ಸಲ ನಿಜವಾದ ವ್ಯತ್ಯಾಸ ಇಂಥ ವ್ಯಾಪ್ತಿಯೊಳಗೆ ಬೀಳುತ್ತದೆ): 1,543 ಕಡಿಮೆಯಿಂದ ಹಿಡಿದು 9,543 ಜಾಸ್ತಿಯವರೆಗೆ. ಪಿ-ವ್ಯಾಲ್ಯೂ ಸುಮಾರು 0.16.

ಇನ್ನು ಊರಿನ ಗುಂಪಿನ ಪರಿಣಾಮ ಸೇರಿಸೋಣ. ಡಿಸೈನ್ ಎಫೆಕ್ಟ್ 2 ಆದರೆ ಸ್ಟ್ಯಾಂಡರ್ಡ್ ಎರರ್ 2ರ ವರ್ಗಮೂಲದಷ್ಟು, ಅಂದರೆ 1.41 ಪಟ್ಟು ಹಿಗ್ಗಿ 4,000 ಆಗುತ್ತದೆ. ವ್ಯಾಪ್ತಿ ಈಗ 3,840 ಕಡಿಮೆಯಿಂದ 11,840 ಜಾಸ್ತಿಯವರೆಗೆ. ನೀವು ನೋಡಿದ ವ್ಯತ್ಯಾಸ ಮತ್ತು ಅದರ ಅಲುಗಾಟ ಒಂದೇ ಗಾತ್ರದವು.

ಪಿ-ವ್ಯಾಲ್ಯೂ ಎಂದರೆ ಇಷ್ಟು: ನಿಜದಲ್ಲಿ ಎರಡು ಜಿಲ್ಲೆಗಳ ನಡುವೆ ವ್ಯತ್ಯಾಸವೇ ಇಲ್ಲ ಅಂದುಕೊಂಡರೂ, ಸ್ಯಾಂಪಲ್‌ನ ಏರುಪೇರಿನಿಂದಲೇ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಕಾಣುವ ಸಾಧ್ಯತೆ. "ವ್ಯತ್ಯಾಸ ಸುಳ್ಳಾಗಿರುವ ಸಾಧ್ಯತೆ ಶೇ. 16" ಎಂದು ಅದನ್ನು ಓದಬಾರದು. ಬಹಳ ಜನ ಹಾಗೇ ಓದುತ್ತಾರೆ. ಪಿ-ವ್ಯಾಲ್ಯೂ 0.05ಕ್ಕಿಂತ ಕಡಿಮೆ ಇದ್ದರೆ "ಸಿಗ್ನಿಫಿಕೆಂಟ್" ಎನ್ನುವ ಗೆರೆಯೂ ಪ್ರಕೃತಿ ನಿಯಮವೇನಲ್ಲ. 1925ರಲ್ಲಿ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಅನುಕೂಲಕ್ಕೆಂದು ಎಳೆದ ಗೆರೆ ಅದು, ಆಮೇಲೆ ರೂಢಿಯಾಯಿತು. ಆ ಗೆರೆ ದಾಟಿತೋ ಇಲ್ಲವೋ ಎಂಬುದನ್ನೇ ನಂಬಿ ತೀರ್ಮಾನ ಮಾಡಬೇಡಿ ಎಂದು ಅಮೆರಿಕದ ಸಂಖ್ಯಾಶಾಸ್ತ್ರ ಸಂಘವೇ 2016ರಲ್ಲಿ ಹೇಳಿಕೆ ಕೊಟ್ಟಿತು.

ಬಿಲ್‌ಗಳು ಇಷ್ಟು ಓರೆಯಾಗಿದ್ದಾಗ 1.96ರ ಲೆಕ್ಕ ಸಣ್ಣ ಸ್ಯಾಂಪಲ್‌ನಲ್ಲಿ ಸರಿಯಾಗಿ ಕೂರುವುದಿಲ್ಲ. ಆಗ ಬೂಟ್‌ಸ್ಟ್ರ್ಯಾಪ್ ಮಾಡಿ. ನಿಮ್ಮ ಸ್ಯಾಂಪಲ್‌ನ ಊರುಗಳ ಚೀಟಿ ಮಾಡಿ, ಒಂದೊಂದಾಗಿ ಎತ್ತಿ, ಎತ್ತಿದ್ದನ್ನು ವಾಪಸ್ ಹಾಕಿ, ಅಷ್ಟೇ ಸಂಖ್ಯೆಯ ಊರುಗಳ ಹೊಸ ಸ್ಯಾಂಪಲ್ ಕಟ್ಟಿ, ಸರಾಸರಿ ಹಾಕಿ. ಕಂಪ್ಯೂಟರಿಗೆ ಇದನ್ನು ಸಾವಿರ ಸಲ ಮಾಡಲು ಹೇಳಿ. ಬಂದ ಸಾವಿರ ಉತ್ತರಗಳಲ್ಲಿ ನಡುವಿನ ಶೇ. 95 ಎಲ್ಲಿಂದ ಎಲ್ಲಿಯವರೆಗಿದೆ ನೋಡಿ. ಒಂದೇ ಎಚ್ಚರಿಕೆ: ಚೀಟಿ ಎತ್ತುವುದು ಊರುಗಳದ್ದಾಗಿರಲಿ. ಬಿಡಿ ರೋಗಿಗಳ ಚೀಟಿ ಎತ್ತಿದರೆ ಗುಂಪಿನ ಪರಿಣಾಮ ಮತ್ತೆ ಕಳೆದುಹೋಗುತ್ತದೆ.

5. ಆರೋಗ್ಯಶ್ರೀ ಅಧ್ಯಯನವನ್ನು ಸಾಲು ಸಾಲಾಗಿ ಓದೋಣ

ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಗುಲ್ಬರ್ಗ ವಿಭಾಗದಲ್ಲಿ ಶುರುವಾಯಿತು. ಆಮೇಲೆ ಬೆಳಗಾವಿ ವಿಭಾಗಕ್ಕೂ ಬಂತು. ಬಿಪಿಎಲ್ ಕುಟುಂಬಗಳಿಗೆ ಹೃದಯ, ಕ್ಯಾನ್ಸರ್, ಕಿಡ್ನಿಯಂಥ ದೊಡ್ಡ ಕಾಯಿಲೆಗಳ ಚಿಕಿತ್ಸೆ ಉಚಿತವಾಗಿತ್ತು. ದಕ್ಷಿಣ ಜಿಲ್ಲೆಗಳಿಗೆ ಯೋಜನೆ ಆಗಿನ್ನೂ ಬಂದಿರಲಿಲ್ಲ. ಸಂಶೋಧಕರು ಈ ಗಡಿಯನ್ನೇ ಬಳಸಿಕೊಂಡರು. ಗಡಿಯ ಉತ್ತರಕ್ಕೆ, ಯೋಜನೆ ಇದ್ದ 300 ಹಳ್ಳಿಗಳ 31,476 ಮನೆ. ದಕ್ಷಿಣಕ್ಕೆ, ಯೋಜನೆ ಇಲ್ಲದ 272 ಹಳ್ಳಿಗಳ 28,633 ಮನೆ. ಜನ, ಬೆಳೆ, ಹವೆ ಹೆಚ್ಚುಕಡಿಮೆ ಒಂದೇ. ಬೇರೆ ಇದ್ದದ್ದು ಯೋಜನೆ.

ಮೊದಲ ಸಾಲು: ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಸಾವು, ಬಿಪಿಎಲ್ ಮನೆಗಳಲ್ಲಿ, ಉತ್ತರದಲ್ಲಿ ಶೇ. 0.32, ದಕ್ಷಿಣದಲ್ಲಿ ಶೇ. 0.90. ವ್ಯತ್ಯಾಸ 0.58 ಶೇಕಡಾ ಅಂಶ. ಶೇ. 95ರ ವ್ಯಾಪ್ತಿ 0.40ರಿಂದ 0.75, ಪಿ 0.001ಕ್ಕಿಂತ ಕಡಿಮೆ. ವ್ಯಾಪ್ತಿ ಬಿಗಿಯಾಗಿದೆ, ಸೊನ್ನೆಯಿಂದ ದೂರ ಇದೆ.

ಎರಡನೇ ಸಾಲು ನನಗೆ ಎಲ್ಲಕ್ಕಿಂತ ಇಷ್ಟ. ಬಡತನ ರೇಖೆಗಿಂತ ಮೇಲಿನವರಿಗೆ ಯೋಜನೆ ಇರಲಿಲ್ಲ. ಅವರಲ್ಲಿ ಉತ್ತರದಲ್ಲಿ ಶೇ. 0.56, ದಕ್ಷಿಣದಲ್ಲಿ ಶೇ. 0.55. ಪಿ-ವ್ಯಾಲ್ಯೂ 0.95. ಉತ್ತರದ ಜಿಲ್ಲೆಗಳು ಸುಮ್ನೆ ಆರೋಗ್ಯವಂತ ಜಾಗಗಳಾಗಿದ್ದರೆ ಇವರಲ್ಲೂ ವ್ಯತ್ಯಾಸ ಕಾಣಬೇಕಿತ್ತು. ಕಾಣಲಿಲ್ಲ. "ವ್ಯತ್ಯಾಸ ಇಲ್ಲ" ಎಂಬ ಫಲಿತಾಂಶವೇ ಇಲ್ಲಿ ಸಾಕ್ಷಿ. ನಿಮ್ಮ ಸಮೀಕ್ಷೆಯಲ್ಲೂ ಯೋಜನೆ ತಲುಪಲಾರದ ಒಂದು ಗುಂಪನ್ನು ಇಟ್ಟುಕೊಳ್ಳಿ.

ಮೂರನೇ ಸಾಲು, ನಮ್ಮ ಶೇ. 64. ಯೋಜನೆಗೆ ಒಳಪಡಬಹುದಾದ ದೊಡ್ಡಾಸ್ಪತ್ರೆ ದಾಖಲಾತಿಗಳಲ್ಲಿ ಜೇಬಿನ ಖರ್ಚು ಶೇ. 64 ಕಡಿಮೆ. ಪಿ 0.001ಕ್ಕಿಂತ ಕಡಿಮೆ. ವ್ಯಾಪ್ತಿ: ಶೇ. 35ರಿಂದ 97. ಇಲ್ಲಿ ನಿಧಾನಿಸಿ. ಇಳಿಕೆ ಇದೆ ಎಂಬುದರಲ್ಲಿ ಅನುಮಾನ ಕಡಿಮೆ. ಎಷ್ಟು ಎಂಬುದು ಮಾತ್ರ ಸಡಿಲ. ಒಂದು ಲಕ್ಷದ ಬಿಲ್ ಅಂದುಕೊಂಡರೆ ಜನರ ಪಾಲಿಗೆ ಉಳಿದದ್ದು 3,000ವೂ ಇರಬಹುದು, 65,000ವೂ ಇರಬಹುದು. ಇವೆರಡೂ ಒಂದು ಕುಟುಂಬಕ್ಕೆ ಬೇರೆ ಬೇರೆ ಬದುಕು. ಸಾವಿನ ಅಂಕಿಗೂ ಖರ್ಚಿನ ಅಂಕಿಗೂ ಒಂದೇ ಪಿ-ವ್ಯಾಲ್ಯೂ, ಒಂದೇ ನಕ್ಷತ್ರ. ವ್ಯಾಪ್ತಿ ನೋಡದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಇನ್ನೊಂದು ಮಾತು: ಇದು ದೊಡ್ಡಾಸ್ಪತ್ರೆ ಖರ್ಚು ಮಾತ್ರ. ಜ್ವರದ ಮಾತ್ರೆ, ಊರಿನ ಕ್ಲಿನಿಕ್ ಇದರಲ್ಲಿಲ್ಲ. "ಆರೋಗ್ಯ ಖರ್ಚು ಶೇ. 64 ಇಳಿಕೆ" ಎಂದು ಬರೆದರೆ ಮೊದಲ ಹೆಜ್ಜೆಯಲ್ಲೇ ಎಡವಿದಂತೆ.

ನಾಲ್ಕನೇ ಸಾಲು: ಚಿಕಿತ್ಸೆಯ ಬಳಕೆ ಶೇ. 44.2 ಜಾಸ್ತಿ. ವ್ಯಾಪ್ತಿ 5.1 ಕಡಿಮೆಯಿಂದ 90.5 ಜಾಸ್ತಿಯವರೆಗೆ, ಪಿ 0.059. ನಿಯಮದ ಪ್ರಕಾರ ಇದು ಸಿಗ್ನಿಫಿಕೆಂಟ್ ಅಲ್ಲ. "ಯೋಜನೆಯಿಂದ ಬಳಕೆ ಹೆಚ್ಚಲಿಲ್ಲ" ಎಂದು ಬರೆಯಬಹುದೇ? ಬೇಡ. ವ್ಯಾಪ್ತಿಯ ಬಹುಪಾಲು ಸೊನ್ನೆಯ ಮೇಲಿದೆ. ತುಸು ಇಳಿಕೆಗೂ ದುಪ್ಪಟ್ಟಿನ ಸಮೀಪದ ಏರಿಕೆಗೂ ಈ ಡೇಟಾ ಹೊಂದುತ್ತದೆ. ನಾನಾದರೆ "ಏರಿದಂತೆ ಕಾಣುತ್ತದೆ, ಖಚಿತವಾಗಿ ಹೇಳುವಷ್ಟು ಡೇಟಾ ಇಲ್ಲ" ಎಂದು ಬರೆಯುತ್ತೇನೆ. 0.059 ಮತ್ತು 0.049ರ ನಡುವೆ ಬೇಲಿ ಹಾಕುವುದು ನನಗೆ ಮೂಢನಂಬಿಕೆಯ ಹಾಗೆ ಕಾಣುತ್ತದೆ.

6. ಎಷ್ಟು ಸಲ ಬಲೆ ಬೀಸಿದಿರಿ ಎಂದು ಎಣಿಸಿ

ಕರ್ನಾಟಕದಲ್ಲಿ 31 ಜಿಲ್ಲೆ. ಪ್ರತಿ ಜಿಲ್ಲೆಯ ಖರ್ಚನ್ನೂ ರಾಜ್ಯದ ಸರಾಸರಿಗೆ ಹೋಲಿಸಿ 0.05ರ ಪರೀಕ್ಷೆ ಮಾಡಿದರೆ, ನಿಜದಲ್ಲಿ ಎಲ್ಲ ಜಿಲ್ಲೆಯೂ ಒಂದೇ ಆಗಿದ್ದರೂ ಕನಿಷ್ಠ ಒಂದಾದರೂ "ಸಿಗ್ನಿಫಿಕೆಂಟ್" ಬರುವ ಸಾಧ್ಯತೆ ಸುಮಾರು ಶೇ. 80. ಜಿಲ್ಲೆಗಳನ್ನು ಜೋಡಿ ಜೋಡಿಯಾಗಿ ಹೋಲಿಸಿದರೆ 465 ಜೋಡಿ. ಅದರಲ್ಲಿ 23ರಷ್ಟು ಸುಮ್ಮಸುಮ್ಮನೆ ಮಿನುಗುತ್ತವೆ. ಸುದ್ದಿಗೆ ಬೇಕಾದ ಒಂದು ಯಾವಾಗಲೂ ಸಿಗುತ್ತದೆ.

ಇದಕ್ಕೆ ಮದ್ದು ಸರಳ. ಯಾವ ಹೋಲಿಕೆ ಮುಖ್ಯ ಎಂದು ಡೇಟಾ ನೋಡುವ ಮೊದಲೇ ಬರೆದಿಡಿ. ಉಳಿದವುಗಳನ್ನು ಮಾಡಿ, ಆದರೆ ಎಷ್ಟು ಮಾಡಿದಿರಿ ಎಂದು ವರದಿಯಲ್ಲಿ ಹೇಳಿ. ಗೆರೆಯನ್ನು ಬಿಗಿ ಮಾಡುವ ಬಾನ್‌ಫೆರೋನಿ ತರಹದ ತಿದ್ದುಪಡಿಗಳೂ ಇವೆ. "ಮನೆ ಮುರಿಯುವ ಖರ್ಚು" ಎಂದು ಕರೆಯಲು ಮನೆಯ ಒಟ್ಟು ವೆಚ್ಚದ ಶೇ. 10 ಮಿತಿಯೋ, 25 ಮಿತಿಯೋ ಎಂಬುದನ್ನೂ ಮೊದಲೇ ನಿರ್ಧರಿಸಿ. ಎರಡೂ ಮಿತಿಗಳು ಬಳಕೆಯಲ್ಲಿವೆ. ಎರಡನ್ನೂ ಲೆಕ್ಕ ಹಾಕಿ ಚೆನ್ನಾಗಿ ಕಂಡದ್ದನ್ನು ಮಾತ್ರ ಪ್ರಕಟಿಸುವುದು ಮೋಸ.

ಕಲಬುರಗಿ ಮತ್ತು ಮೈಸೂರು ಜಿಲ್ಲೆಗಳಲ್ಲಿ 2015ರಿಂದ 2018ರವರೆಗೆ ನಡೆದ ಆಸ್ಪತ್ರೆ ವಿಮೆಯ ಪ್ರಯೋಗ ಇದಕ್ಕೆ ಒಳ್ಳೆಯ ಮಾದರಿ. ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯ ವಿಮೆಯನ್ನು ಬಡತನ ರೇಖೆಗಿಂತ ಮೇಲಿನ ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳ ಮೇಲೆ ಪರೀಕ್ಷಿಸಿದರು. ಚೀಟಿ ಎತ್ತಿ ಕೆಲವರಿಗೆ ಉಚಿತವಾಗಿ, ಕೆಲವರಿಗೆ ಹಣಕ್ಕೆ, ಕೆಲವರಿಗೆ ನಗದಿನ ಜೊತೆ ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. ಉಚಿತ ಕೊಟ್ಟವರಲ್ಲಿ ಶೇ. 78.71 ಕುಟುಂಬ ತೆಗೆದುಕೊಂಡವು. ಆರೋಗ್ಯದ ಹತ್ತಾರು ಅಳತೆಗಳನ್ನು ನೋಡಿದರು, ಬಹು ಪರೀಕ್ಷೆಗೆ ತಿದ್ದುಪಡಿ ಮಾಡಿದರು. ಆರೋಗ್ಯದ ಮೇಲೆ ಗಮನಾರ್ಹ ಪರಿಣಾಮ ಕಾಣಲಿಲ್ಲ ಎಂದು ಬರೆದರು. ಕಾರ್ಡ್ ಇದ್ದರೂ ಬಹಳ ಜನರಿಗೆ ಅದನ್ನು ಬಳಸಲು ಆಗಲಿಲ್ಲ ಎಂಬುದನ್ನೂ ಅದೇ ವರದಿಯಲ್ಲಿ ಹೇಳಿದರು. ಆ ಎರಡನೇ ವಾಕ್ಯ ಬಿಟ್ಟು ಮೊದಲನೆಯದನ್ನಷ್ಟೇ ಉಲ್ಲೇಖಿಸುವವರನ್ನು ಕಂಡರೆ ಹುಷಾರಾಗಿರಿ.

7. ಪಿ-ವ್ಯಾಲ್ಯೂಗೆ ಕಾಣದ ವಿಷಯಗಳು

ಮರೆವು: ಎನ್‌ಎಸ್‌ಎಸ್ ದಾಖಲಾತಿಗೆ ಹಿಂದಿನ 365 ದಿನ, ಹೊರರೋಗಿ ಚಿಕಿತ್ಸೆಗೆ ಹಿಂದಿನ 15 ದಿನ ಕೇಳುತ್ತದೆ. ಹನ್ನೊಂದು ತಿಂಗಳ ಹಿಂದಿನ ಔಷಧದ ಬಿಲ್ ಯಾರಿಗೆ ನೆನಪಿರುತ್ತದೆ? ಸ್ಯಾಂಪಲ್ ಹತ್ತು ಪಟ್ಟು ಮಾಡಿದರೂ ಮರೆವು ಹಾಗೇ ಇರುತ್ತದೆ. ತಪ್ಪು ಉತ್ತರದ ಸುತ್ತ ವ್ಯಾಪ್ತಿ ಮಾತ್ರ ಬಿಗಿಯಾಗುತ್ತದೆ.

ಕಾಲ: 71ನೇ ಸುತ್ತು ಜನವರಿಯಿಂದ ಜೂನ್‌ವರೆಗೆ ಮಾತ್ರ, 75ನೇದು ಇಡೀ ವರ್ಷ. ಮಳೆಗಾಲದ ಜ್ವರ ಒಂದರಲ್ಲಿ ಪೂರ್ತಿ ಇದೆ, ಇನ್ನೊಂದರಲ್ಲಿ ಬಹುತೇಕ ಇಲ್ಲ. 15 ದಿನದ ಲೆಕ್ಕಕ್ಕೆ ಇದು ದೊಡ್ಡ ವಿಷಯ.

ಬೆಲೆ ಏರಿಕೆ: ಹಳ್ಳಿಯ ಸರಾಸರಿ 14,935ರಿಂದ 16,676ಕ್ಕೆ ಏರಿದ್ದು ಸುಮಾರು ಶೇ. 12. ಅದೇ ಅವಧಿಯಲ್ಲಿ ಗ್ರಾಹಕ ಬೆಲೆ ಸೂಚ್ಯಂಕ ಅದಕ್ಕಿಂತ ಜಾಸ್ತಿ ಏರಿತ್ತು. ಬೆಲೆ ಏರಿಕೆ ಕಳೆದರೆ ಏರಿಕೆಯೇ ಮಾಯ.

ಆಯ್ಕೆ: ವಿಮೆ ಇದ್ದವರ ಖರ್ಚು ಇಲ್ಲದವರಿಗಿಂತ ಜಾಸ್ತಿ ಎಂದು ಕಂಡರೆ ವಿಮೆಯನ್ನು ದೂರಬೇಡಿ. ಮನೆಯಲ್ಲಿ ಕಾಯಿಲೆಯವರು ಇರುವ ಕಾರಣಕ್ಕೇ ಕೆಲವರು ವಿಮೆ ಮಾಡಿಸಿರುತ್ತಾರೆ. ಆರೋಗ್ಯಶ್ರೀ ಅಧ್ಯಯನದವರು ಗಡಿ ಹಿಡಿದದ್ದು, ಕಲಬುರಗಿ, ಮೈಸೂರಿನಲ್ಲಿ ಚೀಟಿ ಎತ್ತಿದ್ದು ಇದನ್ನು ತಪ್ಪಿಸಲೆಂದೇ.

8. ನೀವೇ ಸಮೀಕ್ಷೆ ಮಾಡುವುದಾದರೆ

ಎಷ್ಟು ಪ್ರಕರಣ ಬೇಕು ಎಂಬುದಕ್ಕೆ ಒಂದು ಕೈಲೆಕ್ಕ ಇದೆ. ಸ್ಟ್ಯಾಂಡರ್ಡ್ ಡೀವಿಯೇಶನ್ ಅನ್ನು ನೀವು ಹಿಡಿಯಬೇಕೆಂದಿರುವ ವ್ಯತ್ಯಾಸದಿಂದ ಭಾಗಿಸಿ, ವರ್ಗ ಮಾಡಿ, 16ರಿಂದ ಗುಣಿಸಿ. ನಮ್ಮ ಉದಾಹರಣೆಯಲ್ಲಿ 40,000 ಭಾಗಿಸು 4,000 ಅಂದರೆ 10. ವರ್ಗ 100. ಪ್ರತಿ ಗುಂಪಿಗೆ 1,600. ಡಿಸೈನ್ ಎಫೆಕ್ಟ್ 2 ಸೇರಿಸಿದರೆ 3,200 ದಾಖಲಾತಿ. ಇಷ್ಟಿದ್ದರೆ ನಿಜವಾದ 4,000 ರೂಪಾಯಿ ವ್ಯತ್ಯಾಸ ಹತ್ತರಲ್ಲಿ ಎಂಟು ಸಲ ನಿಮ್ಮ ಬಲೆಗೆ ಬೀಳುತ್ತದೆ.

ಶೇ. 2.9ರ ದರದಲ್ಲಿ 3,200 ದಾಖಲಾತಿ ಸಿಗಬೇಕಾದರೆ ಸುಮಾರು 1.1 ಲಕ್ಷ ಜನರ ಬಗ್ಗೆ ವಿಚಾರಿಸಬೇಕು, ಅದೂ ಒಂದೊಂದು ಗುಂಪಿಗೆ. ಎರಡು ಹಳ್ಳಿ ಸುತ್ತಿ 200 ಮನೆ ಕೇಳುವ ಪ್ರಾಜೆಕ್ಟ್‌ಗೆ ಇದು ದೂರದ ಮಾತು. ಹಾಗೆಂದು ಕೈಬಿಡಬೇಡಿ, ಪ್ರಶ್ನೆ ಬದಲಿಸಿ. ಸರಾಸರಿ ರೂಪಾಯಿ ಬಿಟ್ಟು "ಸಾಲ ಮಾಡಿದಿರಾ, ಇಲ್ಲವಾ", "ಔಷಧ ಹೊರಗಿನಿಂದ ತಂದಿರಾ, ಇಲ್ಲವಾ" ಎಂದು ಕೇಳಿ. ಹೌದು-ಇಲ್ಲ ಪ್ರಶ್ನೆಗಳನ್ನು 12 ಲಕ್ಷದ ಒಂದು ಬಿಲ್ ಕೆಡಿಸಲಾರದು. ಕಡಿಮೆ ಊರುಗಳಲ್ಲಿ ಜಾಸ್ತಿ ಮನೆಗಿಂತ, ಜಾಸ್ತಿ ಊರುಗಳಲ್ಲಿ ಕಡಿಮೆ ಮನೆ ಕೇಳಿ. ಬಸ್ ಖರ್ಚು ಏರುತ್ತದೆ, ಆದರೆ ಡೇಟಾಗೆ ಬೆಲೆ ಬರುತ್ತದೆ.

ಬರೆಯುವಾಗ ವಾಕ್ಯ ಹೀಗಿರಲಿ: "ಮೊದಲ ಜಿಲ್ಲೆಯಲ್ಲಿ ಒಂದು ದಾಖಲಾತಿಯ ಸರಾಸರಿ ವೈದ್ಯಕೀಯ ಖರ್ಚು 4,000 ರೂಪಾಯಿ ಜಾಸ್ತಿ ಕಂಡಿತು. ಶೇ. 95ರ ವ್ಯಾಪ್ತಿ 3,840 ಕಡಿಮೆಯಿಂದ 11,840 ಜಾಸ್ತಿಯವರೆಗೆ. ಜಿಲ್ಲೆಗೆ 20 ಹಳ್ಳಿ, 400 ದಾಖಲಾತಿ. ತೂಕ ಮತ್ತು ಹಳ್ಳಿ ಗುಂಪು ಲೆಕ್ಕಕ್ಕೆ ಸೇರಿವೆ." ಸಂಪಾದಕರು ವ್ಯಾಪ್ತಿ ಕತ್ತರಿಸಲು ನೋಡುತ್ತಾರೆ. ಬಿಡಬೇಡಿ.

ಕೈ ಪಳಗಿಸಿಕೊಳ್ಳಲು 75ನೇ ಸುತ್ತಿನ ಮೂಲ ಡೇಟಾ ಕೇಂದ್ರ ಅಂಕಿಅಂಶ ಸಚಿವಾಲಯದ ಮೈಕ್ರೋಡೇಟಾ ಪೋರ್ಟಲ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಹೆಸರು ನೋಂದಾಯಿಸಿದರೆ ಸಾಕು. ಗ್ರಾಮೀಣ ಕರ್ನಾಟಕದ ದಾಖಲಾತಿಗಳನ್ನು ಮಾತ್ರ ಆರಿಸಿ, ಸರಾಸರಿಯನ್ನು ಮೂರು ಸಲ ಕಂಡುಹಿಡಿಯಿರಿ: ಒಮ್ಮೆ ತೂಕವಿಲ್ಲದೆ, ಒಮ್ಮೆ ತೂಕ ಹಾಕಿ, ಒಮ್ಮೆ ತೂಕದ ಜೊತೆ ಹಳ್ಳಿ ಗುಂಪನ್ನೂ ಹೇಳಿಕೊಟ್ಟು. ಮೊದಲೆರಡರಲ್ಲಿ ಸರಾಸರಿ ಎಷ್ಟು ಸರಿಯಿತು, ಕೊನೆಯೆರಡರಲ್ಲಿ ವ್ಯಾಪ್ತಿ ಎಷ್ಟು ಬದಲಾಯಿತು ಎಂದು ಪಕ್ಕ ಪಕ್ಕ ಬರೆಯಿರಿ. ಆಮೇಲೆ ಅತಿ ದೊಡ್ಡ ಐದು ಬಿಲ್ ತೆಗೆದುಹಾಕಿ ಅದೇ ಲೆಕ್ಕ ಇನ್ನೊಮ್ಮೆ ಮಾಡಿ ನೋಡಿ.